ಫುಲ್ ಸಿಂಥೆಟಿಕ್ ಎಂಜಿನ್ ಆಯಿಲ್ ಹಾಕಿದರೆ, ಬದಲಿಸದೆ 15,000 ಕಿ.ಮೀ. ತನಕ ಎಳೆಯಬಹುದಾ? ಅನುಭವ ಇರುವವರು ಹೇಳಿ

ಪ್ರಶ್ನೆ ಕೇಳಿದವರು:
ನಮ್ಮದು ಟರ್ಬೊ ಪೆಟ್ರೋಲ್ ಕಾರು. ವಾರಂಟಿ ಮುಗಿದಿದೆ. ಮ್ಯಾನ್ಯುಯಲ್‌ನಲ್ಲಿ ಆಯಿಲ್ ಬದಲಾವಣೆಗೆ 10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು ಅಂತಿದೆ. ಇಷ್ಟು ದಿನ ಸೆಮಿ ಸಿಂಥೆಟಿಕ್ ಹಾಕಿಸುತ್ತಿದ್ದೆ, ಈ ಸಲ ಫುಲ್ ಸಿಂಥೆಟಿಕ್ ಹಾಕಿಸಿದೆ. ಗೆಳೆಯ 15,000 ಆರಾಮಾಗಿ ಓಡಿಸು ಅಂತಾನೆ. ಮೆಕ್ಯಾನಿಕ್ ಮಾತ್ರ ಯಾವ ಆಯಿಲ್ ಆದರೂ 5,000 ದಾಟಿಸಬೇಡಿ ಅಂತಾರೆ. ವಾರವೆಲ್ಲ ಆಫೀಸಿಗೆ ನಾಲ್ಕೈದು ಕಿ.ಮೀ. ಓಡಾಟ, ಅಪರೂಪಕ್ಕೆ ಹೆದ್ದಾರಿ. ಯಾರ ಮಾತು ಕೇಳಲಿ?

ದಿನವಿಡೀ ಗಾಡಿ ಓಡಿಸುವವನು:
ಇಬ್ಬರೂ ನಿಮಗೆ ಒಂದು ಅಂಕಿ ಹೇಳಿದ್ದಾರೆ. ಗಾಡಿ ಹೇಗೆ ಓಡುತ್ತೆ ಅಂತ ಇಬ್ಬರೂ ಕೇಳಿಲ್ಲ, ಅಲ್ವಾ? ನನ್ನ ಪ್ರಕಾರ ಉತ್ತರ ಇರೋದೇ ಅಲ್ಲಿ.

ಮೀಟರಿನಲ್ಲಿ ಸರಾಸರಿ ವೇಗ ತೋರಿಸುವ ಪುಟ ಇರುತ್ತೆ. ಅದನ್ನು ಒಮ್ಮೆ ನೋಡಿ. ಸರಾಸರಿ ಗಂಟೆಗೆ 20 ಕಿ.ಮೀ. ಇದ್ದರೆ, 10,000 ಕಿ.ಮೀ. ಆಗುವಷ್ಟರಲ್ಲಿ ಎಂಜಿನ್ 500 ಗಂಟೆ ಓಡಿರುತ್ತೆ. ಸರಾಸರಿ 60 ಇದ್ದರೆ ಅಷ್ಟೇ ದೂರಕ್ಕೆ ಸುಮಾರು 167 ಗಂಟೆ. ಓಡೋಮೀಟರ್ ಎರಡಕ್ಕೂ ಒಂದೇ ಅಂಕಿ ತೋರಿಸುತ್ತೆ, ಆಯಿಲ್‌ಗೆ ಮಾತ್ರ ಮೂರು ಪಟ್ಟು ವ್ಯತ್ಯಾಸ. ಸಿಗ್ನಲ್‌ನಲ್ಲಿ ನಿಂತಾಗ ಕಿಲೋಮೀಟರ್ ಏರಲ್ಲ, ಆದರೆ ಆಯಿಲ್ ಕೆಲಸ ಮಾಡ್ತಾನೇ ಇರುತ್ತೆ. ಹೆದ್ದಾರಿಯಲ್ಲೇ ಓಡುವ ಗಾಡಿಗೆ 15,000 ಅಂದರೆ 250 ಗಂಟೆ. ಊರೊಳಗೆ ಓಡುವ ಗಾಡಿಗೆ ಅದೇ 15,000 ಅಂದರೆ 750 ಗಂಟೆ. ನಿಮ್ಮ ಗೆಳೆಯರದು ಮೊದಲನೇ ಥರದ ಗಾಡಿ ಇರಬೇಕು.

ಇನ್ನು ನಿಮ್ಮ ನಾಲ್ಕೈದು ಕಿ.ಮೀ. ಓಡಾಟ. ನನಗೆ ಜಾಸ್ತಿ ಚಿಂತೆ ಅದರದ್ದೇ. ಕೂಲೆಂಟ್ (ಎಂಜಿನ್ ತಂಪಾಗಿಡುವ ದ್ರವ) ಬೇಗ ಬಿಸಿಯಾಗುತ್ತೆ, ಮುಳ್ಳು ಮಧ್ಯಕ್ಕೆ ಬರುತ್ತೆ, ನಾವು ಎಂಜಿನ್ ಬಿಸಿಯಾಯ್ತು ಅಂದುಕೊಳ್ತೀವಿ. ಆಯಿಲ್ ಬಿಸಿಯಾಗೋಕೆ ಅದಕ್ಕಿಂತ ಹೊತ್ತು ಬೇಕು. ತಣ್ಣಗಿನ ಎಂಜಿನ್‌ಗೆ ಪೆಟ್ರೋಲ್ ಜಾಸ್ತಿ ಹೋಗುತ್ತೆ. ಸುಡದೆ ಉಳಿದದ್ದು ಪಿಸ್ಟನ್ ರಿಂಗ್ ಪಕ್ಕದಿಂದ ಕೆಳಗಿಳಿದು ಸಂಪ್, ಅಂದರೆ ಎಂಜಿನ್ ತಳದ ಆಯಿಲ್ ತೊಟ್ಟಿ ಸೇರುತ್ತೆ. ಉರಿದಾಗ ಹುಟ್ಟುವ ನೀರಿನ ಆವಿಯೂ ಅಲ್ಲೇ ಹನಿಯಾಗುತ್ತೆ. ಆಯಿಲ್ ಚೆನ್ನಾಗಿ ಕಾದು ಸ್ವಲ್ಪ ಹೊತ್ತು ಓಡಿದರೆ ಇವು ಆವಿಯಾಗಿ ಹೋಗುತ್ತವೆ. ಅಷ್ಟರೊಳಗೆ ಗಾಡಿ ಆಫ್ ಮಾಡಿದರೆ ಎಲ್ಲಾ ಅಲ್ಲೇ ಉಳಿಯುತ್ತೆ. ಸಿಂಥೆಟಿಕ್ ಆಗಲಿ ಏನೇ ಆಗಲಿ, ಪೆಟ್ರೋಲ್ ಬೆರೆತರೆ ತೆಳ್ಳಗಾಗಲೇಬೇಕು.

ಇಂಥ ಓಡಾಟಕ್ಕೆ ಹಲವು ಮ್ಯಾನ್ಯುಯಲ್‌ಗಳಲ್ಲಿ ‘ಕಠಿಣ ಬಳಕೆ’ ಅಂತ ಬೇರೆ ಪಟ್ಟಿ ಇರುತ್ತೆ. ಚಿಕ್ಕ ಓಡಾಟ, ಟ್ರಾಫಿಕ್, ಧೂಳಿನ ರಸ್ತೆ, ಭಾರ ಎಳೆಯೋದು ಎಲ್ಲಾ ಅದರಲ್ಲೇ ಬರುತ್ತೆ. ಅಲ್ಲಿ ಆಯಿಲ್ ಬದಲಿಸುವ ಅಂತರ ಕಡಿಮೆ ಇರುತ್ತೆ. ಆ ಪುಟ ತೆರೆದು ನೋಡಿ, ನೀವು ಬರೆದಿರೋದು ಅಲ್ಲಿರುತ್ತೆ.

ಲ್ಯಾಬಿನಲ್ಲಿ ಕೆಲಸ ಮಾಡಿದವನು:
ಮೇಲಿನವರ ಗಂಟೆ ಲೆಕ್ಕ ಸರಿ. ಆಯಿಲ್ ಒಳಗೆ ಏನು ಖರ್ಚಾಗುತ್ತೆ ಅಂತ ನಾನು ಸೇರಿಸ್ತೀನಿ.

ಎಂಜಿನ್ ಆಯಿಲ್‌ಗೆ ಬುನಾದಿಯಾದ ಬೇಸ್ ಆಯಿಲ್‌ಗಳನ್ನು ಅಮೆರಿಕದ ಪೆಟ್ರೋಲಿಯಂ ಸಂಸ್ಥೆ ಎಪಿಐ ಐದು ಗುಂಪು ಮಾಡಿದೆ. ಒಂದು ಮತ್ತು ಎರಡನೇ ಗುಂಪು ಮಿನರಲ್. ನಾಲ್ಕನೆಯದು ಪಿಎಒ, ಕಾರ್ಖಾನೆಯಲ್ಲಿ ಕಟ್ಟಿದ ಅಣುಗಳು. ಮೊದಮೊದಲು ಸಿಂಥೆಟಿಕ್ ಅಂದರೆ ಇದು, ಮತ್ತು ಐದನೇ ಗುಂಪಿನ ಎಸ್ಟರ್‌ಗಳು. ಮೂರನೇ ಗುಂಪು ಕಚ್ಚಾ ತೈಲದಿಂದಲೇ ಬರುತ್ತೆ, ಆದರೆ ಹೈಡ್ರೋಜನ್ ಜೊತೆ ಸೇರಿಸಿ ಅಣುಗಳನ್ನೇ ಬದಲಿಸಿರುತ್ತಾರೆ. ಅದನ್ನು ಸಿಂಥೆಟಿಕ್ ಅನ್ನಬಹುದಾ ಅಂತ ಅಮೆರಿಕದಲ್ಲಿ ಆಯಿಲ್ ಕಂಪನಿಗಳಾದ ಮೊಬಿಲ್, ಕ್ಯಾಸ್ಟ್ರಾಲ್ ಮಧ್ಯೆ ಜಗಳವೇ ಆಯಿತು. 1999ರಲ್ಲಿ ಅಲ್ಲಿನ ಜಾಹೀರಾತು ಪರಿಶೀಲನಾ ಸಂಸ್ಥೆ ಅನ್ನಬಹುದು ಅಂತ ಹೇಳಿತು. ಹೀಗಾಗಿ ಡಬ್ಬದ ಮೇಲಿನ ‘ಫುಲ್ ಸಿಂಥೆಟಿಕ್’ ಅನ್ನೋ ಎರಡು ಪದ ನೋಡಿ ಅಂತರ ತೀರ್ಮಾನ ಮಾಡೋಕಾಗಲ್ಲ. ಮೂರನೇ ಗುಂಪಿನದು ಕಳಪೆ ಅಂತ ನಾನು ಹೇಳ್ತಿಲ್ಲ. ಒಳ್ಳೆಯ ಆಯಿಲ್‌ಗಳು ಅದರಲ್ಲೂ ಬೇಕಾದಷ್ಟಿವೆ.

ಸಿಂಥೆಟಿಕ್ ಗೆಲ್ಲೋದು ಎರಡು ಕಡೆ. ಚಳಿಯಲ್ಲಿ ಬೇಗ ಹರಿಯುತ್ತೆ, ಕಾವಿನಲ್ಲಿ ಬೇಗ ಕೆಡಲ್ಲ. ಬಿಸಿ 10 ಡಿಗ್ರಿ ಏರಿದರೆ ಆಯಿಲ್ ಕೆಡುವ ವೇಗ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತೆ ಅನ್ನೋದು ನಮ್ಮಲ್ಲಿ ಎಲ್ಲರೂ ಬಳಸುವ ಲೆಕ್ಕ. ಟರ್ಬೊ ಬೇರಿಂಗ್ ಹತ್ತಿರ ಎಷ್ಟು ಕಾವು ಇರುತ್ತೆ ಅಂತ ಯೋಚಿಸಿ. ಆದ್ದರಿಂದ ನಿಮ್ಮ ಗಾಡಿಗೆ ಸಿಂಥೆಟಿಕ್ ಹಾಕಿಸಿದ್ದು ಒಳ್ಳೆಯದೇ ಆಯಿತು, ಅಂತರ ಹೆಚ್ಚಿಸದಿದ್ದರೂ ಸಹ.

ಆದರೆ ಆಯಿಲ್ ಅಂದರೆ ಬರೀ ಬೇಸ್ ಅಲ್ಲ. ಅದರಲ್ಲಿ ಕೊಳೆ ಹಿಡಿದಿಡುವ, ಆಮ್ಲ ತಟಸ್ಥ ಮಾಡುವ, ಸವೆತ ತಡೆಯುವ ಅಡಿಟಿವ್‌ಗಳು ಇರುತ್ತವೆ. ಬೇಸ್ ಎಷ್ಟೇ ಗಟ್ಟಿಯಿದ್ದರೂ ಇವು ಖಾಲಿಯಾಗುತ್ತಾ ಹೋಗುತ್ತವೆ. ಪೆಟ್ರೋಲ್, ನೀರು, ಧೂಳು ಸೇರೋದನ್ನು ಬೇಸ್ ಆಯಿಲ್ ತಡೆಯೋಕಾಗಲ್ಲ.

ಮೆಕ್ಯಾನಿಕ್ ಹೇಳುವ ‘ಯಾವ ಆಯಿಲ್ ಆದರೂ 5,000’ ಕೂಡ ಹಳೇ ಕಾಲದ ಮಾತು. 1996ರಲ್ಲಿ ಕನ್ಸ್ಯೂಮರ್ ರಿಪೋರ್ಟ್ಸ್ ಪತ್ರಿಕೆ ನ್ಯೂಯಾರ್ಕಿನ 75 ಟ್ಯಾಕ್ಸಿಗಳಲ್ಲಿ ಪರೀಕ್ಷೆ ಮಾಡಿತ್ತು. ತಲಾ 60,000 ಮೈಲಿ ಓಡಿಸಿ ಎಂಜಿನ್ ಬಿಚ್ಚಿ ಅಳೆದರು. 3,000 ಮೈಲಿಗೆ (ಸುಮಾರು 4,800 ಕಿ.ಮೀ.) ಆಯಿಲ್ ಬದಲಿಸಿದ್ದಕ್ಕೂ 6,000ಕ್ಕೆ ಬದಲಿಸಿದ್ದಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಒಂದು ವಿಷಯ ಮರೆಯಬಾರದು: ಟ್ಯಾಕ್ಸಿ ಎಂಜಿನ್ ತಣ್ಣಗಾಗೋದೇ ಅಪರೂಪ. ನಿಮ್ಮದು ದಿನಕ್ಕೆ ಎರಡು ಸಲ ತಣ್ಣಗೆ ಶುರುವಾಗುತ್ತೆ.

ಡೀಸೆಲ್ ಗಾಡಿಯವನು:
ಡೀಸೆಲ್‌ನವರಿಗೂ ಒಂದು ಮಾತು. ಬಣ್ಣ ನೋಡಿ ಹೆದರಬೇಡಿ. ಹೊಸ ಆಯಿಲ್ ಹಾಕಿದ ಸ್ವಲ್ಪ ದಿನಕ್ಕೇ ಕಪ್ಪಾಗುತ್ತೆ. ಮಸಿಯನ್ನು ಗಡ್ಡೆಕಟ್ಟಲು ಬಿಡದೆ ತೇಲಿಸಿ ಇಟ್ಟಿದೆ ಅಂತ ಅರ್ಥ, ಅದು ಆಯಿಲ್ ಮಾಡಬೇಕಾದ ಕೆಲಸವೇ. ಹೆದರಬೇಕಾದ್ದು ಆಯಿಲ್ ಮಟ್ಟ ಅಳೆಯುವ ಕಡ್ಡಿ, ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಏರಿದರೆ. ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇರುವ ಹಲವು ಗಾಡಿಗಳಲ್ಲಿ ಫಿಲ್ಟರ್ ಒಳಗಿನ ಮಸಿ ಸುಡೋಕೆ ಸಿಲಿಂಡರಿಗೇ ಹೆಚ್ಚುವರಿ ಡೀಸೆಲ್ ಚಿಮ್ಮಿಸುತ್ತಾರೆ. ಅದರಲ್ಲಿ ಒಂದಿಷ್ಟು ಸಂಪ್‌ಗೆ ಇಳಿಯುತ್ತೆ. ಅರ್ಧಕ್ಕೇ ಗಾಡಿ ಆಫ್ ಮಾಡ್ತಾ ಇದ್ದರೆ ಇನ್ನೂ ಜಾಸ್ತಿ. ಮ್ಯಾಕ್ಸ್ ಗೆರೆ ದಾಟಿದರೆ ಎಷ್ಟು ಕಿ.ಮೀ. ಆಗಿದೆ ಅಂತ ನೋಡಬೇಡಿ, ಬದಲಿಸಿ. ಹಾಗೆಯೇ ಡಿಪಿಎಫ್ ಗಾಡಿಗೆ ಬೂದಿ ಕಡಿಮೆ ಬಿಡುವ ಆಯಿಲ್ಲೇ ಬೇಕು. ಯುರೋಪಿನ ಆಯಿಲ್ ಮಾನದಂಡ ಎಸಿಇಎ ಸಿ3ಯಲ್ಲಿ ಬೂದಿಯ ಮಿತಿ ಶೇ 0.8. ಮಸಿ ಸುಟ್ಟುಹೋಗುತ್ತೆ, ಬೂದಿ ಹೋಗಲ್ಲ, ಫಿಲ್ಟರಿನಲ್ಲೇ ಕೂರುತ್ತೆ.

ಹಳೇ ಮೆಕ್ಯಾನಿಕ್:
5,000ಕ್ಕೆ ಬದಲಿಸಿ, ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಆಯಿಲ್ ಉಳಿಸಿ ಎಂಜಿನ್ ಕಟ್ಟಿಸಿದವರನ್ನು ಬೇಕಾದಷ್ಟು ನೋಡಿದ್ದೀನಿ.

ದಿನವಿಡೀ ಗಾಡಿ ಓಡಿಸುವವನು:
ಅಣ್ಣಾ, ನಿಮ್ಮ ಅನುಭವ ಸುಳ್ಳು ಅನ್ನಲ್ಲ. ಆದರೆ ಅವರಲ್ಲಿ ಎಷ್ಟು ಜನ ಮಧ್ಯೆ ಒಮ್ಮೆಯಾದರೂ ಡಿಪ್‌ಸ್ಟಿಕ್ ಎಳೆದು ನೋಡಿದ್ದರು? ಅಂತರ ಹೆಚ್ಚಿಸಿದವರ ಎಂಜಿನ್ ಹೋಗೋದು ಹೆಚ್ಚಾಗಿ ಆಯಿಲ್ ಹಳೆಯದಾಗಿ ಅಲ್ಲ, ಆಯಿಲ್ ಕಡಿಮೆಯಾಗಿ. ನಾಲ್ಕು ಲೀಟರ್ ಸಂಪ್‌ನಲ್ಲಿ ಒಂದು ಲೀಟರ್ ಉರಿದುಹೋದರೆ, ಉಳಿದ ಮೂರು ಲೀಟರ್ ನಾಲ್ಕರ ಕೆಲಸ ಮಾಡಬೇಕು. ಕಾವೂ ಏರುತ್ತೆ, ಕೊಳೆಯೂ ಗಟ್ಟಿಯಾಗುತ್ತೆ. ಮೊದಲು ಸರ್ವಿಸ್‌ಗೆ ಹೋದಾಗಲಾದರೂ ಯಾರೋ ನೋಡುತ್ತಿದ್ದರು. ಅಂತರ ದುಪ್ಪಟ್ಟು ಮಾಡಿದ ಮೇಲೆ ಆ ನೋಟವೂ ತಪ್ಪುತ್ತೆ. ಕೆಂಪು ದೀಪ ಹತ್ತುತ್ತೆ ಅಂತ ಕಾಯಬೇಡಿ. ಅದು ಆಯಿಲ್ ಒತ್ತಡ ಕುಸಿದಾಗ ಹತ್ತೋದು, ಅಷ್ಟೊತ್ತಿಗೆ ತಡವಾಗಿರುತ್ತೆ.

ಲ್ಯಾಬಿನಲ್ಲಿ ಕೆಲಸ ಮಾಡಿದವನು:
ಅಂತರ ಹೆಚ್ಚಿಸಬೇಕಾದರೆ ಸರಿಯಾದ ಆಯಿಲ್ಲೂ ಬೇಕು ಅನ್ನೋದಕ್ಕೆ ದೊಡ್ಡ ಉದಾಹರಣೆಯೇ ಇದೆ. ಯುರೋಪಿನಲ್ಲಿ ಫೋಕ್ಸ್‌ವ್ಯಾಗನ್ ಲಾಂಗ್‌ಲೈಫ್ ಸರ್ವಿಸ್‌ನಲ್ಲಿ ಗರಿಷ್ಠ 30,000 ಕಿ.ಮೀ. ಅಥವಾ ಎರಡು ವರ್ಷ ಕೊಟ್ಟಿತು. ಅದನ್ನು ನೋಡಿ ಎಲ್ಲರೂ ಹಾಗೇ ಓಡಿಸಬಹುದು ಅಂತಾರೆ. ಆದರೆ ಅದಕ್ಕೆ ಕಂಪನಿಯದೇ ಮಾನದಂಡಗಳಾದ 504 00, 507 00ರಲ್ಲಿ ಪಾಸಾದ ಆಯಿಲ್ಲೇ ಬೇಕು, ಮತ್ತು ಅದು ‘ಗರಿಷ್ಠ’. ಗಾಡಿ ತಾನೇ ಓಡಾಟ ಲೆಕ್ಕ ಹಾಕಿ ಮೊದಲೇ ಕರೆಯಬಹುದು. ಅಂತರ ಹಿಡಿದು ಆಯಿಲ್ ಬಿಟ್ಟರೆ ಏನಾಗುತ್ತೆ ಅನ್ನೋದಕ್ಕೆ ಮರ್ಸಿಡಿಸ್ ಪ್ರಕರಣ ಇದೆ. ಸರ್ವಿಸ್ ಯಾವಾಗ ಅಂತ ಗಾಡಿಯೇ ಹೇಳುವ ವ್ಯವಸ್ಥೆ 1998ರ ಹೊತ್ತಿಗೆ ಅಮೆರಿಕಕ್ಕೆ ಬಂತು. ಅಂತರ ಉದ್ದವಾಯಿತು, ಎಷ್ಟೋ ಗಾಡಿಗಳಿಗೆ ಮಾಮೂಲಿ ಮಿನರಲ್ ಆಯಿಲ್ ಬಿತ್ತು. ಸಿಂಥೆಟಿಕ್ ಬೇಕು ಅಂತ ನಮಗೆ ಹೇಳಲಿಲ್ಲ ಅಂತ ಮಾಲೀಕರು ಕೋರ್ಟಿಗೆ ಹೋದರು. ಕೊನೆಗೆ ರಾಜಿಯಾಯಿತು.

ಅಂದಹಾಗೆ, ಗಾಡಿ ತೋರಿಸುವ ‘ಆಯಿಲ್ ಲೈಫ್’ ಶೇಕಡಾ ಲೆಕ್ಕ ಹೆಚ್ಚಿನ ಕಾರುಗಳಲ್ಲಿ ಆಯಿಲ್ ಮುಟ್ಟಿ ನೋಡಿ ಹೇಳೋದಲ್ಲ. ಎಂಜಿನ್ ಎಷ್ಟು ಸುತ್ತು ತಿರುಗಿತು, ಎಷ್ಟು ಬಿಸಿಯಾಯಿತು ಅಂತ ನೋಡಿ ಹಾಕುವ ಅಂದಾಜು. ಅಂದಾಜು ಚೆನ್ನಾಗೇ ಇರುತ್ತೆ. ಆದರೆ ಸಂಪ್‌ನಲ್ಲಿ ಯಾವ ಆಯಿಲ್ ಇದೆ, ಎಷ್ಟು ಇದೆ ಅಂತ ಅದಕ್ಕೆ ಗೊತ್ತಿರಲ್ಲ.

ಬೈಕಿನವನು:
ಇದನ್ನು ಓದಿ ಯಾರಾದರೂ ಕಾರಿನ ಸಿಂಥೆಟಿಕ್ ತಂದು ಬೈಕಿಗೆ ಹಾಕೀರಿ, ಹುಷಾರು. ಬೈಕಿನಲ್ಲಿ ಕ್ಲಚ್ ಆಯಿಲ್‌ನಲ್ಲೇ ಮುಳುಗಿರುತ್ತೆ. ಡಬ್ಬದ ಮೇಲೆ ಜಪಾನಿನ ಬೈಕ್ ಆಯಿಲ್ ಮಾನದಂಡ ಜೆಎಎಸ್‌ಒ ಎಂಎ ಅಥವಾ ಎಂಎ2 ಅಂತ ಇರೋದೇ ಬೇಕು, ಇಲ್ಲದಿದ್ದರೆ ಕ್ಲಚ್ ಜಾರಬಹುದು. ಗೇರ್‌ಗಳೂ ಅದೇ ಆಯಿಲ್‌ನಲ್ಲಿ ಅರೆಯೋದರಿಂದ ಬೇಗ ತೆಳ್ಳಗಾಗುತ್ತೆ. ಕಾರಿನ ಅಂತರದ ಲೆಕ್ಕ ಇಲ್ಲಿ ನಡೆಯಲ್ಲ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಸರಾಸರಿ ವೇಗ ನೋಡಿದೆ, 19 ತೋರಿಸ್ತಿದೆ! 15,000 ಆಸೆ ಬಿಟ್ಟೆ. ಇನ್ನೆರಡು ಸಂದೇಹ. ಹಳೇ ಎಂಜಿನ್‌ಗೆ ಸಿಂಥೆಟಿಕ್ ಹಾಕಿದರೆ ಸೋರುತ್ತೆ ಅಂತಾರಲ್ಲ, ನಿಜಾನಾ? ಮತ್ತೆ ಆಯಿಲ್ ಟೆಸ್ಟ್ ಮಾಡಿಸಬಹುದು ಅಂತ ಕೇಳಿದ್ದೆ, ಅದರಲ್ಲಿ ಏನು ನೋಡಬೇಕು?

ಲ್ಯಾಬಿನಲ್ಲಿ ಕೆಲಸ ಮಾಡಿದವನು:
ಸೋರುವ ಮಾತು ಶುರುವಿನ ಕಾಲದ ಸಿಂಥೆಟಿಕ್‌ಗಳಿಂದ ಬಂದದ್ದು. ಈಗಿನವು ಸೀಲ್‌ಗಳ ಜೊತೆ ಹೊಂದಿಕೊಳ್ಳುವಂತೆ ಮಾಡಿರುತ್ತಾರೆ. ಒಳಗೆ ಕೂತ ಗಸಿಯೇ ಸೋರಿಕೆ ತಡೆದಿದ್ದರೆ, ಅದು ಕರಗಿದಾಗ ಹನಿ ಕಾಣಬಹುದು. ಅಲ್ಲಿ ಸೀಲ್ ಮೊದಲೇ ಹೋಗಿತ್ತು ಅಂತ ಅರ್ಥ. ಒಂದೇ ಗ್ರೇಡಿನ ಮಿನರಲ್, ಸಿಂಥೆಟಿಕ್ ಬೆರೆತರೂ ಏನೂ ಆಗಲ್ಲ, ತುರ್ತಿಗೆ ಟಾಪ್ ಅಪ್ ಮಾಡಬಹುದು. ದೀರ್ಘ ಬಾಳಿಕೆ ಮಾತ್ರ ಬೆರೆತ ಮೇಲೆ ಲೆಕ್ಕಕ್ಕಿಲ್ಲ.

ಟೆಸ್ಟ್‌ಗೆ ಗಾಡಿ ಓಡಿಸಿ ಬಿಸಿ ಮಾಡಿ, ಡ್ರೈನ್ ಬೋಲ್ಟ್ ಬಿಚ್ಚಿ ಸ್ವಲ್ಪ ಹರಿಯಲು ಬಿಡಿ. ಮಧ್ಯದ ಧಾರೆಯನ್ನು ಒಣಗಿದ ಶುದ್ಧ ಬಾಟಲಿಗೆ ಹಿಡಿಯಿರಿ. ಮೊದಲ ಹನಿಗಳಲ್ಲಿ ತಳದ ಕೊಳೆ ಬರುತ್ತೆ, ಅದು ಬೇಡ.

ವರದಿಯಲ್ಲಿ ಮೊದಲು 100 ಡಿಗ್ರಿಯಲ್ಲಿನ ದಪ್ಪ ನೋಡಿ. 5ಡಬ್ಲ್ಯೂ-30 ಗ್ರೇಡ್ ಆದರೆ 9.3ರಿಂದ 12.5 ಸೆಂಟಿಸ್ಟೋಕ್ಸ್ (ದಪ್ಪ ಅಳೆಯುವ ಮಾನ) ಒಳಗಿರಬೇಕು. 9.3ಕ್ಕಿಂತ ಕೆಳಗಿಳಿದಿದ್ದರೆ ಅದು ಈಗ 30 ಗ್ರೇಡ್ ಅಲ್ಲ. ನಿಮ್ಮ ಓಡಾಟಕ್ಕೆ ಪಕ್ಕದಲ್ಲೇ ಪೆಟ್ರೋಲ್ ಬೆರೆತ ಪ್ರಮಾಣ ನೋಡಿ, ಹೆಚ್ಚಾಗಿ ಕಾರಣ ಅಲ್ಲೇ ಸಿಗುತ್ತೆ. ಟಿಬಿಎನ್ ಅಂದರೆ ಆಮ್ಲ ತಡೆಯಲು ಉಳಿದ ಶಕ್ತಿ, ಟಿಎಎನ್ ಅಂದರೆ ಸೇರಿದ ಆಮ್ಲ. ಮೊದಲನೆಯದು ಇಳಿದು ಎರಡನೆಯದು ಏರಿ ಒಂದಕ್ಕೊಂದು ಹತ್ತಿರ ಬಂದಿದ್ದರೆ ಆಯಿಲ್ ಮುಗಿದಿದೆ. ಸಿಲಿಕಾನ್ ಏರಿದ್ದರೆ ಏರ್ ಫಿಲ್ಟರ್ ಕಡೆಯಿಂದ ಧೂಳು ನುಗ್ಗುತ್ತಿರಬಹುದು. ಸೋಡಿಯಂ, ಪೊಟ್ಯಾಸಿಯಂ ಏರಿದ್ದರೆ ಕೂಲೆಂಟ್ ಸೋರಿಕೆಯ ಅನುಮಾನ.

ಒಂದೇ ವರದಿ ನಂಬಿ ಅಂತರ ಹೆಚ್ಚಿಸಬೇಡಿ. ನಿಮ್ಮ ಗಾಡಿಯಲ್ಲಿ 7,000ದ ಆಸುಪಾಸಿನಲ್ಲಿ ಒಮ್ಮೆ ತೆಗೆಸಿ. ಎಲ್ಲಾ ಚೆನ್ನಾಗಿದ್ದರೆ ಮುಂದಿನ ಸಲ ಮ್ಯಾನ್ಯುಯಲ್‌ನ 10,000 ತನಕ ಹೋಗಿ ಮತ್ತೆ ತೆಗೆಸಿ. ಕಿಲೋಮೀಟರ್ ಆಗದಿದ್ದರೂ ವರ್ಷ ತುಂಬಿದರೆ ಬದಲಿಸಿ. ಫಿಲ್ಟರ್ ಪ್ರತಿ ಸಲವೂ ಹೊಸದು. ಅದು ಕಟ್ಟಿಕೊಂಡರೆ ಬೈಪಾಸ್ ವಾಲ್ವ್ ತೆರೆದು, ಸೋಸದ ಆಯಿಲ್ಲೇ ಬೇರಿಂಗ್‌ಗೆ ಹೋಗುತ್ತೆ.