12 ವರ್ಷದ ಬೆಕ್ಕಿಗೆ ಮೂತ್ರಕೋಶದಲ್ಲಿ ಕಲ್ಲು: ಆಪರೇಷನ್ ಮಾಡಿಸಲೇಬೇಕಾ?

ಚುಕ್ಕಿಮನೆ, ಶಿವಮೊಗ್ಗ
ನಮ್ಮ ಚುಕ್ಕಿಗೆ 12 ವರ್ಷ. ನಾಡು ಬೆಕ್ಕು, ಹೆಣ್ಣು. ಮರಿ ಆಗದ ಹಾಗೆ ಚಿಕ್ಕಂದಿನಲ್ಲೇ ಆಪರೇಷನ್ ಆಗಿದೆ. ಈಚೆಗೆ ಪದೇ ಪದೇ ಟ್ರೇಗೆ ಹೋಗಿ ಕೂರುತ್ತಾಳೆ. ಹನಿ ಹನಿ ಉಚ್ಚೆ, ಅದರಲ್ಲಿ ರಕ್ತ. ಎಕ್ಸ್‌ರೇಯಲ್ಲಿ ಮೂತ್ರಕೋಶದಲ್ಲಿ ಎರಡು ಕಲ್ಲು ಕಂಡಿವೆ. ಉಚ್ಚೆಯ ಪಿಎಚ್ 6, ಅಂದರೆ ಸ್ವಲ್ಪ ಆಮ್ಲೀಯ. ಸೋಂಕು ಇಲ್ಲ. ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್ ರಕ್ತದಲ್ಲಿ ಸ್ವಲ್ಪ ಜಾಸ್ತಿ. ಡಾಕ್ಟರು ಆಪರೇಷನ್ ಅಂದಿದ್ದಾರೆ. ಈ ವಯಸ್ಸಿಗೆ ಅನಸ್ತೇಷಿಯಾ ತಡೆದುಕೊಳ್ಳುತ್ತಾಳಾ ಅಂತ ಭಯ. ಆಹಾರದಲ್ಲೇ ಕರಗಿಸಬಹುದು ಅಂತಲೂ ಓದಿದೆ. ನಮ್ಮತ್ತೆ ಬಾಳೆದಿಂಡಿನ ರಸ ಕುಡಿಸು ಅನ್ನುತ್ತಾರೆ. ತಿನ್ನುವುದು ಡ್ರೈ ಫುಡ್, ಆಗಾಗ ಮೀನು.

ಬೂದಿಬಾಲ
ಉಚ್ಚೆ ಬರುತ್ತಿದೆ ತಾನೆ? ಮುಕ್ಕಿದರೂ ಒಂದು ಹನಿಯೂ ಬರದಿದ್ದರೆ, ವಾಂತಿ ಮಾಡಿಕೊಂಡು ಮಂಕಾದರೆ, ರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ. ಗಂಡು ಬೆಕ್ಕಿಗೆ ಈ ಅಪಾಯ ತುಂಬಾ ಜಾಸ್ತಿ, ಆದರೂ ಹೆಣ್ಣು ಅಂತ ಸುಮ್ನೆ ಕೂರಬೇಡಿ. ನೋವಿಗೆ ಅಂತ ಮನೆಯಲ್ಲಿರುವ ಪ್ಯಾರಾಸಿಟಮಾಲ್ ಕೊಡಲೇಬೇಡಿ. ಬೆಕ್ಕಿಗೆ ಅದು ವಿಷ.

ಹಳೇಮೀಸೆ
ಆಪರೇಷನ್ನಾ, ಆಹಾರನಾ ಅನ್ನುವುದು ಆಮೇಲೆ. ಯಾವ ಕಲ್ಲು ಅನ್ನುವುದು ಮೊದಲು.

ಬೆಕ್ಕಿನಲ್ಲಿ ಹೆಚ್ಚಾಗಿ ಸಿಗುವುದು ಎರಡು ಜಾತಿ. ಸ್ಟ್ರುವೈಟ್ ಆದರೆ ಪ್ರಿಸ್ಕ್ರಿಪ್ಷನ್ ಆಹಾರಕ್ಕೆ ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ಕರಗುತ್ತದೆ. ಕ್ಯಾಲ್ಸಿಯಂ ಆಕ್ಸಲೇಟ್ ಯಾವ ಆಹಾರಕ್ಕೂ ಕರಗುವುದಿಲ್ಲ, ತೆಗೆಸಬೇಕು. ಎಕ್ಸ್‌ರೇಯಲ್ಲಿ ಎರಡೂ ಬೆಳ್ಳಗೆ ಕಾಣುತ್ತವೆ, ನೋಡಿ ಖಚಿತವಾಗಿ ಹೇಳಲು ಆಗುವುದಿಲ್ಲ. ವಯಸ್ಸಾದ ಬೆಕ್ಕು, ಪಿಎಚ್ 6: ಇವೆರಡೂ ಆಕ್ಸಲೇಟ್ ಕಡೆಗೆ ವಾಲುತ್ತವೆ. ನಿಮ್ಮ ಡಾಕ್ಟರು ಆಪರೇಷನ್ ಅಂದದ್ದು ಅದಕ್ಕೇ ಇರಬೇಕು.

ಉಚ್ಚೆಯಲ್ಲಿ ಕಂಡ ಹರಳು ನೋಡಿ ತೀರ್ಮಾನಿಸಬೇಡಿ. ಫ್ರಿಜ್ಜಿನಲ್ಲಿಟ್ಟ ಸ್ಯಾಂಪಲ್ಲಿನಲ್ಲಿ ಹರಳು ಆಮೇಲೂ ಹುಟ್ಟಿಕೊಳ್ಳುತ್ತದೆ.

ರಕ್ತದಲ್ಲಿ ಅಯಾನೈಸ್ಡ್ ಕ್ಯಾಲ್ಸಿಯಂ (ಯಾವುದಕ್ಕೂ ಅಂಟದೆ ಬಿಡಿಯಾಗಿರುವ ಕ್ಯಾಲ್ಸಿಯಂ) ನೋಡಿಸಿದ್ದೀರಾ? ಅದು ಏರಿದ್ದರೆ ಕಲ್ಲು ತೆಗೆದರೂ ಮತ್ತೆ ಆಗಬಹುದು. ಕರಗಿಸುವ ಆಹಾರವನ್ನು ಡಾಕ್ಟರು ಒಪ್ಪಿದರೆ ಮಾತ್ರ ನೋಡಿ. ಕೆಲವದರಲ್ಲಿ ಉಪ್ಪಿನಂಶ ಜಾಸ್ತಿ, ಉಚ್ಚೆಯನ್ನು ಆಮ್ಲೀಯ ಮಾಡುವ ಗುಣವೂ ಇರುತ್ತದೆ. ಕಿಡ್ನಿ ಸೋತ ಬೆಕ್ಕಿಗೆ ಎಲ್ಲವೂ ಹೊಂದುವುದಿಲ್ಲ. ಶುರು ಮಾಡಿದರೆ ಅದೊಂದೇ ತಿನ್ನಬೇಕು, ಮೀನು ಬಂದ್. ತಿಂಗಳೊಳಗೆ ಮತ್ತೆ ಎಕ್ಸ್‌ರೇ. ಕಲ್ಲು ಚೂರೂ ಕುಗ್ಗದಿದ್ದರೆ ಅಲ್ಲಿಗೆ ನಿಲ್ಲಿಸಿ. ಇನ್ನೊಂದು ತಿಂಗಳು ನೋಡೋಣ ಅಂತ ಎಳೆಯುತ್ತಾ ಹೋದರೆ ನೋವು ತಿನ್ನುವವಳು ಅವಳು.

ಬಾಳೆದಿಂಡು ನಮಗೆ ಪಲ್ಯಕ್ಕೆ ಚೆನ್ನ. ಬೆಕ್ಕಿನ ಬಾಯಿಗೆ ಬಲವಂತವಾಗಿ ಹಾಕಿದರೆ ಶ್ವಾಸಕೋಶಕ್ಕೆ ಹೋದೀತು. ಹುರುಳಿ ಕಟ್ಟೂ ಬೇಡ. ಅತ್ತೆಗೆ ಮೆಲ್ಲಗೆ ಹೇಳಿ.

ಚುಕ್ಕಿಮನೆ
ಕ್ಯಾಲ್ಸಿಯಂ ನೋಡಿಸಿಲ್ಲ, ಕೇಳುತ್ತೇನೆ. ವೆಟ್ ಫುಡ್ ಇಟ್ಟರೆ ಮೂಸಿ ಹೋಗಿಬಿಡುತ್ತಾಳೆ. ಹಸಿವಾದಾಗ ತಿನ್ನಲಿ ಅಂತ ಬಿಡಲಾ?

ಹಳೇಮೀಸೆ
ಬಿಡಬೇಡಿ. ಬೆಕ್ಕು ಎರಡು ಮೂರು ದಿನ ಊಟ ಬಿಟ್ಟರೆ ಲಿವರ್‌ಗೆ ಕೊಬ್ಬು ತುಂಬುತ್ತದೆ. ಈಗ ತಿನ್ನುವ ಡ್ರೈ ಫುಡ್ಡಿಗೇ ಚಮಚದಷ್ಟು ಬೆಚ್ಚಗಿನ ನೀರು ಹಾಕುತ್ತಾ ಬನ್ನಿ, ಆಮೇಲೆ ವೆಟ್ ಫುಡ್ ಸ್ವಲ್ಪ ಸ್ವಲ್ಪ ಬೆರೆಸಿ. ಉಚ್ಚೆ ತೆಳ್ಳಗಾಗಬೇಕು, ಯಾವ ಜಾತಿಯ ಕಲ್ಲಾದರೂ ಇದು ಬೇಕೇ ಬೇಕು. ಉಚ್ಚೆ ಎಷ್ಟು ಗಟ್ಟಿ ಅಂತ ತೋರಿಸುವ ಸ್ಪೆಸಿಫಿಕ್ ಗ್ರಾವಿಟಿ 1.030ಕ್ಕಿಂತ ಕೆಳಗೆ ಇಳಿದರೆ ಒಳ್ಳೆಯದು. ಕಿಡ್ನಿ ಸೋತದ್ದರಿಂದಲೇ ಉಚ್ಚೆ ತೆಳ್ಳಗಾಗಿರಲೂಬಹುದು, ಆ ನಂಬರನ್ನು ಡಾಕ್ಟರ ಹತ್ತಿರವೇ ಓದಿಸಿ.

ಪಶುವೈದ್ಯ_ನಿವೃತ್ತ
ಅನಸ್ತೇಷಿಯಾ ಭಯದ ಬಗ್ಗೆ. ವಯಸ್ಸೊಂದೇ ಅಡ್ಡಿಯಲ್ಲ. ಬಿಪಿ, ಥೈರಾಯ್ಡ್, ಹೃದಯ, ಕಿಡ್ನಿ ನೋಡಿಕೊಂಡು, ಮೊದಲೇ ಡ್ರಿಪ್ ಹಾಕಿ ಮಾಡುತ್ತಾರೆ. ಕಿಡ್ನಿಯಿಂದ ಇಳಿಯುವ ನಾಳದಲ್ಲಿ ಕಲ್ಲಿದೆಯಾ ಅಂತ ಸ್ಕ್ಯಾನ್ ಮಾಡಿಸಿ, ಕ್ರಿಯಾಟಿನಿನ್ ಏರಲು ಅದೂ ಕಾರಣ ಇರಬಹುದು. ನಿಮ್ಮೂರಿನಲ್ಲೇ ಪಶುವೈದ್ಯಕೀಯ ಕಾಲೇಜಿದೆ, ಎರಡನೇ ಅಭಿಪ್ರಾಯಕ್ಕೆ ದೂರ ಹೋಗಬೇಕಿಲ್ಲ. ಕಲ್ಲು ತೀರ ಚಿಕ್ಕದಾಗಿದ್ದರೆ ಹೆಣ್ಣು ಬೆಕ್ಕಿನಲ್ಲಿ ಕೊಯ್ಯದೆ, ಮಂಪರಿನಲ್ಲಿ ಮೂತ್ರಕೋಶ ತುಂಬಿಸಿ ಒತ್ತಿ ಹೊರಹಾಕುವ ಕ್ರಮವೂ ಇದೆ. ಅಳತೆ ಕೇಳಿಕೊಳ್ಳಿ.

ಕೊಯ್ದು ತೆಗೆಸಿದರೆ ಹೊಲಿಗೆ ಆದ ತಕ್ಷಣ ಮತ್ತೊಂದು ಎಕ್ಸ್‌ರೇ ಕೇಳಿ. ಒಂದು ಚೂರು ಒಳಗೇ ಉಳಿಯುವುದುಂಟು.

ಚುಕ್ಕಿಮನೆ
ತೆಗೆದ ಕಲ್ಲನ್ನು ಡಾಕ್ಟರು ಕೈಗೆ ಕೊಟ್ಟರೆ ಏನು ಮಾಡಲಿ?

ಪಶುವೈದ್ಯ_ನಿವೃತ್ತ
ಲ್ಯಾಬಿಗೆ ಕಳಿಸಿ ಅನ್ನಿ. ಮುಂದಿನ ಆಹಾರ ನಿರ್ಧಾರವಾಗುವುದು ಆ ರಿಪೋರ್ಟಿನಿಂದಲೇ. ಅಂಗಾಂಶ ಕೆಡದಂತೆ ಇಡುವ ಫಾರ್ಮಲಿನ್‌ನಲ್ಲಿ ಮುಳುಗಿಸಬೇಡಿ, ಸ್ಟ್ರುವೈಟ್ ಆಗಿದ್ದರೆ ಖನಿಜವೇ ಬದಲಾಗಿ ತಪ್ಪು ರಿಪೋರ್ಟ್ ಬರಬಹುದು. ತೊಳೆದು ಒಣಗಿಸಿ ಸಣ್ಣ ಡಬ್ಬಿಯಲ್ಲಿ ಹಾಕಿದರೆ ಸಾಕು.