ಬೋಯಿಂಕ್ ಟಾಸ್ಕ್ 62ರಿಂದ 58ಕ್ಕೆ ಇಳಿದಿದೆ, ಹೀಗೂ ಆಗುತ್ತಾ?

ಪ್ರಶ್ನೆ: ನಮಸ್ಕಾರ. ಮನೆಯ ಡೆಸ್ಕ್‌ಟಾಪ್‌ನಲ್ಲಿ ಬೋಯಿಂಕ್ (ಕಂಪ್ಯೂಟರಿನ ಬಿಡುವಿನ ಶಕ್ತಿಯನ್ನು ವಿಜ್ಞಾನದ ಲೆಕ್ಕಗಳಿಗೆ ಕೊಡುವ ಪ್ರೋಗ್ರಾಂ) ಹಾಕಿಕೊಂಡು ಐನ್‌ಸ್ಟೈನ್ ಅಟ್ ಹೋಮ್ ಅನ್ನೋ ಖಗೋಳ ವಿಜ್ಞಾನದ ಪ್ರಾಜೆಕ್ಟ್‌ಗೆ ಸೇರಿದ್ದೇನೆ. ನಾಲ್ಕು ಕೋರ್, 8 ಜಿಬಿ ರ್‍ಯಾಮ್. ಬೆಳಿಗ್ಗೆ 62% ಮುಗಿದಿದ್ದ ಟಾಸ್ಕ್ (ಅವರು ಕಳಿಸೋ ಲೆಕ್ಕದ ತುಂಡು) ಸಂಜೆ ನೋಡಿದರೆ 58%! ಸ್ಟೇಟಸ್‌ನಲ್ಲಿ ಯಾವಾಗಲೂ ‘ಸಸ್ಪೆಂಡೆಡ್’. ರೆಸ್ಯೂಮ್ ಒತ್ತೋಣ ಅಂದರೆ ಎಡಗಡೆ ‘ಸಸ್ಪೆಂಡ್’ ಬಟನ್ನೇ ಇದೆ. ಡಿಲೀಟ್ ಮಾಡಿ ಮತ್ತೆ ಇನ್‌ಸ್ಟಾಲ್ ಮಾಡಲಾ?

ಉತ್ತರ (ಸಿಸ್ಟಮ್ ಅಡ್ಮಿನ್): ಬೇಡ, ಬೇಡ. ಇರೋ ಟಾಸ್ಕೂ ಹೋಗಬಹುದು. ಬಟನ್ ವಿಷಯ ಹೇಳಿದ್ದು ಒಳ್ಳೆಯದಾಯಿತು. ಟಾಸ್ಕನ್ನು ನೀವೇ ನಿಲ್ಲಿಸಿದ್ದರೆ ಅಲ್ಲಿ ‘ರೆಸ್ಯೂಮ್’ ಅಂತ ಇರುತ್ತಿತ್ತು. ಅಂದರೆ ಬೋಯಿಂಕ್ ತಾನಾಗಿ ನಿಲ್ಲಿಸುತ್ತಿದೆ. ಸ್ಟೇಟಸ್ ಕಾಲಂ ಸ್ವಲ್ಪ ಅಗಲ ಮಾಡಿ, ‘ಸಸ್ಪೆಂಡೆಡ್’ ಪಕ್ಕದಲ್ಲೇ ಕಾರಣ ಇರುತ್ತದೆ. ಹಾಗೇ ಕಂಟ್ರೋಲ್, ಶಿಫ್ಟ್, ಇ ಒಟ್ಟಿಗೆ ಒತ್ತಿದರೆ ಈವೆಂಟ್ ಲಾಗ್ ತೆರೆಯುತ್ತದೆ. ಅದರಲ್ಲಿ ಏನಿದೆ ಹೇಳಿ.

ಪ್ರಶ್ನೆ ಕೇಳಿದವರು: ‘ಸಸ್ಪೆಂಡಿಂಗ್ ಕಂಪ್ಯುಟೇಶನ್ - ಕಂಪ್ಯೂಟರ್ ಈಸ್ ಇನ್ ಯೂಸ್’, ಕೆಳಗೆ ‘ರೆಸ್ಯೂಮಿಂಗ್ ಕಂಪ್ಯುಟೇಶನ್’. ಇವೆರಡೇ ಸಾಲು, ಐದಾರು ನಿಮಿಷಕ್ಕೊಮ್ಮೆ, ದಿನವಿಡೀ. ಮಗಳ ಆನ್‌ಲೈನ್ ಕ್ಲಾಸಿಗೆ ತೊಂದರೆ ಆಗಬಾರದು ಅಂತ ನಾನೇ ಯಾವುದೋ ಟಿಕ್ ಹಾಕಿದ್ದ ನೆನಪು.

ಉತ್ತರ: ಅದೇ ಟಿಕ್. ಮೌಸ್ ಅಲ್ಲಾಡಿದ ತಕ್ಷಣ ಕೆಲಸ ನಿಲ್ಲುತ್ತದೆ. ಮೂರು ನಿಮಿಷ ಯಾರೂ ಮುಟ್ಟದಿದ್ದರೆ ಮತ್ತೆ ಶುರು. ಇಲ್ಲಿಯವರೆಗೆ ಸರಿ. ಆದರೆ ನಿಲ್ಲಿಸಿದಾಗ ಟಾಸ್ಕನ್ನು ರ್‍ಯಾಮ್‌ನಿಂದಲೂ ತೆಗೆದುಬಿಡುತ್ತದೆ. ಟಾಸ್ಕ್ ತಾನು ಎಲ್ಲಿಯವರೆಗೆ ಬಂದಿದ್ದೇನೆ ಅಂತ ಆಗಾಗ ಡಿಸ್ಕ್‌ನಲ್ಲಿ ಬರೆದಿಡುತ್ತದೆ, ಅದು ಚೆಕ್‌ಪಾಯಿಂಟ್. ಮತ್ತೆ ಶುರುವಾಗೋದು ಅಲ್ಲಿಂದಲೇ. ಕೊನೆಯ ಚೆಕ್‌ಪಾಯಿಂಟ್ 58ರಲ್ಲಿದ್ದರೆ ಆಮೇಲೆ ಮಾಡಿದ್ದೆಲ್ಲ ನೀರಲ್ಲಿ ಹೋಮ. ಮಗಳು ಐದು ನಿಮಿಷಕ್ಕೊಮ್ಮೆ ಮೌಸ್ ಮುಟ್ಟುತ್ತಾಳೆ, ಟಾಸ್ಕ್ ಹತ್ತು ನಿಮಿಷಕ್ಕೊಮ್ಮೆ ಬರೆಯುತ್ತದೆ ಅಂದುಕೊಳ್ಳಿ. ಅದು ಮುಗಿಯೋದು ಯಾವಾಗ?

ಸೆಟ್ಟಿಂಗ್ಸ್‌ನಲ್ಲಿ ‘ಚೆಕ್‌ಪಾಯಿಂಟ್ ಅಟ್ ಮೋಸ್ಟ್ ಎವೆರಿ 60 ಸೆಕೆಂಡ್ಸ್’ ಅಂತ ಕಾಣಿಸುತ್ತದೆ, ಅದನ್ನು ನೋಡಿ ಮೋಸ ಹೋಗಬೇಡಿ. ಅದಕ್ಕಿಂತ ಬೇಗ ಬರೆಯಬೇಡ ಅಂತ ಅಷ್ಟೇ ಅದರ ಅರ್ಥ. ಯಾವಾಗ ಬರೆಯೋದು ಅನ್ನೋದು ಆ ಟಾಸ್ಕಿನ ಪ್ರೋಗ್ರಾಂಗೆ ಬಿಟ್ಟದ್ದು.

ಸರಿಮಾಡೋದು ಹೀಗೆ: ಆಪ್ಶನ್ಸ್, ಅದರೊಳಗೆ ಕಂಪ್ಯೂಟಿಂಗ್ ಪ್ರಿಫರೆನ್ಸಸ್. ಡಿಸ್ಕ್ ಅಂಡ್ ಮೆಮೊರಿ ಟ್ಯಾಬ್‌ನಲ್ಲಿ ‘ಲೀವ್ ನಾನ್-ಜಿಪಿಯು ಟಾಸ್ಕ್ಸ್ ಇನ್ ಮೆಮೊರಿ ವೈಲ್ ಸಸ್ಪೆಂಡೆಡ್’ಗೆ ಟಿಕ್ ಹಾಕಿ. ಆಗ ನಿಂತ ಜಾಗದಿಂದಲೇ ಮುಂದುವರಿಯುತ್ತದೆ. ಕಂಪ್ಯೂಟರ್ ಆಫ್ ಮಾಡಿದರೆ ಮಾತ್ರ ಚೆಕ್‌ಪಾಯಿಂಟೇ ಗತಿ.

ನನ್ನನ್ನು ಕೇಳಿದರೆ ಆ ‘ಇನ್ ಯೂಸ್’ ಟಿಕ್ಕನ್ನೇ ತೆಗೆಯಿರಿ. ಬೋಯಿಂಕ್ ಲೆಕ್ಕಗಳು ತೀರಾ ಕಡಿಮೆ ಆದ್ಯತೆಯಲ್ಲಿ ಓಡುತ್ತವೆ, ಬೇರೆ ಪ್ರೋಗ್ರಾಂಗೆ ಬೇಕಾದಾಗ ಜಾಗ ಬಿಡುತ್ತವೆ. ಅನುಮಾನ ಇದ್ದರೆ ಸಿಪಿಯು ಕೋರ್‌ಗಳಲ್ಲಿ 50% ಮಾತ್ರ ಬಳಸು ಅಂತ ಇಡಿ, ಎರಡು ಕೋರ್ ಮಗಳಿಗೇ ಉಳಿಯುತ್ತವೆ.

ಇನ್ನೊಬ್ಬ ಸದಸ್ಯರು: ಮಧ್ಯೆ ಬಾಯಿ ಹಾಕ್ತಿದ್ದೇನೆ, ಕ್ಷಮಿಸಿ. ನಾನು ಸೆಟಿ ಅಟ್ ಹೋಮ್ (ಅನ್ಯಗ್ರಹ ಜೀವಿಗಳ ಸಂಕೇತ ಹುಡುಕುತ್ತಿದ್ದ ಬೋಯಿಂಕ್ ಪ್ರಾಜೆಕ್ಟ್) ಕಾಲದವನು. 2020ರ ಮಾರ್ಚ್ 31ರಿಂದ ಅವರು ಹೊಸ ಕೆಲಸ ಕೊಡೋದು ನಿಲ್ಲಿಸಿದಾಗ ಬೇಜಾರಾಗಿ ಬಿಟ್ಟಿದ್ದೆ. ಈಗ ಎರಡು ಪ್ರಾಜೆಕ್ಟ್ ಹಾಕಿದ್ದೇನೆ. ಒಂದು ‘ವೇಟಿಂಗ್ ಟು ರನ್’ ಅನ್ನುತ್ತೆ. ಆಗಾಗ ‘ಆನ್ ಬ್ಯಾಟರೀಸ್’ ಅಂತ ಎಲ್ಲವೂ ನಿಲ್ಲುತ್ತೆ. ನನ್ನದು ಲ್ಯಾಪ್‌ಟಾಪೇ ಅಲ್ಲವಲ್ಲ!

ಉತ್ತರ: ‘ವೇಟಿಂಗ್ ಟು ರನ್’ ತೊಂದರೆಯೇ ಅಲ್ಲ ಸರ್, ಸರದಿ ಕಾಯುತ್ತಿದೆ. ಗಂಟೆಗೊಮ್ಮೆ ಪ್ರಾಜೆಕ್ಟ್ ಬದಲಾಯಿಸೋದು ಅದರ ರೂಢಿ. ಇನ್ನು ಬ್ಯಾಟರಿ. ನಿಮ್ಮ ಯುಪಿಎಸ್‌ನಿಂದ ಕಂಪ್ಯೂಟರ್‌ಗೆ ಯುಎಸ್‌ಬಿ ವೈರ್ ಹಾಕಿದ್ದೀರಾ?

ಅದೇ ಸದಸ್ಯರು: ಹೌದು!

ಉತ್ತರ: ಹಾಗಾದರೆ ಕರೆಂಟ್ ಹೋದಾಗ ವಿಂಡೋಸ್ ಆ ಯುಪಿಎಸ್ಸನ್ನೇ ಬ್ಯಾಟರಿ ಅಂತ ತೋರಿಸುತ್ತದೆ. ಬೋಯಿಂಕ್ ಅದನ್ನು ನಂಬಿ ನಿಲ್ಲುತ್ತದೆ. ಅದನ್ನು ಹಾಗೇ ಬಿಡಿ ಸರ್, ಯುಪಿಎಸ್ ಹತ್ತು ನಿಮಿಷ ಜಾಸ್ತಿ ಬರುತ್ತದೆ.