ಬೋರ್ಡ್ ಕರಗಿತು, ಚಿನ್ನ ಎಲ್ಲಿ ಹೋಯ್ತು?

ಪ್ರಶ್ನೆ: ಹಳೆಯ ಕಂಪ್ಯೂಟರ್ ಬೋರ್ಡ್‌ಗಳಿಂದ ಚಿನ್ನ ತೆಗೆಯೋಣ ಅಂತ ಹೊರಟೆ. ಬೆಸುಗೆ, ಪಿನ್ನು ಎಲ್ಲ ಸಮೇತ ಅರ್ಧ ಕೆಜಿ ತುಂಡುಗಳನ್ನು ಒಟ್ಟಿಗೆ ಅಕ್ವಾ ರೀಜಿಯಾಕ್ಕೆ (ಚಿನ್ನವನ್ನೂ ಕರಗಿಸುವ, ನೈಟ್ರಿಕ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲಗಳ ಮಿಶ್ರಣ) ಹಾಕಿದೆ. ದ್ರಾವಣ ಹಸಿರಾಯಿತು. ಕರಗಿದ ಚಿನ್ನವನ್ನು ಬೀಳಿಸುವ ಸೋಡಿಯಂ ಮೆಟಾಬೈಸಲ್ಫೈಟ್ ಹಾಕಿದರೂ ಚಿನ್ನದ ಕಂದು ಪುಡಿ ಬೀಳಲಿಲ್ಲ. ಚೆಲ್ಲಿಬಿಡಲಾ?

ಉತ್ತರ 1: ಚೆಲ್ಲಬೇಡಿ ಸರ್! ನಾನು ಮೊದಲ ಸಲ ಚೆಲ್ಲಿ ಕೈ ಸುಟ್ಟುಕೊಂಡೆ. (ಮಾತಿಗೆ ಹೇಳಿದ್ದು. ನಿಜವಾಗಿ ಸುಟ್ಟುಕೊಂಡದ್ದು ಎರಡನೇ ಸಲ.) ಆ ಹಸಿರು ಹೆಚ್ಚಾಗಿ ತಾಮ್ರದ್ದು. ಬೋರ್ಡಿನ ತೂಕದಲ್ಲಿ ಹತ್ತಿರ ಹತ್ತಿರ ಐದನೇ ಒಂದು ಪಾಲು ತಾಮ್ರವೇ ಇರಬಹುದು. ಚಿನ್ನದ ಲೇಪ ಸಾಮಾನ್ಯವಾಗಿ 1 ಮೈಕ್ರಾನ್ ದಪ್ಪವೂ ಇರುವುದಿಲ್ಲ. ನಿಮ್ಮ ಆಮ್ಲವೆಲ್ಲ ತಾಮ್ರಕ್ಕೇ ಖರ್ಚಾಗಿರುತ್ತದೆ. ಕರಗದ ತಾಮ್ರ ಚೂರು ಉಳಿದಿದ್ದರೂ, ಕರಗಿದ ಚಿನ್ನ ವಾಪಸ್ ಬಂದು ಅದರ ಮೇಲೆ ಕೂತುಬಿಡುತ್ತದೆ.

ಇನ್ನೊಂದು ಕಾರಣವೂ ಇರಬಹುದು: ನೈಟ್ರಿಕ್ ಜಾಸ್ತಿ ಉಳಿದಿರುವುದು. ಆಗ ಮೆಟಾಬೈಸಲ್ಫೈಟ್ ಅದರ ಜೊತೆಗೇ ಕಳೆದುಹೋಗುತ್ತದೆ, ಬಿದ್ದ ಚಿನ್ನವೂ ಮತ್ತೆ ಕರಗುತ್ತದೆ. ಒಂದು ಹನಿ ದ್ರಾವಣಕ್ಕೆ ಒಂದು ಹನಿ ಸ್ಟಾನಸ್ ಕ್ಲೋರೈಡ್ (ತವರದ ಒಂದು ಲವಣ) ಹಾಕಿ ನೋಡಿ. ನೇರಳೆ ಬಂದರೆ ಚಿನ್ನ ಇನ್ನೂ ದ್ರಾವಣದಲ್ಲೇ ಇದೆ. ನೈಟ್ರಿಕ್ ತೀರಾ ಜಾಸ್ತಿಯಿದ್ದರೆ ಬಣ್ಣ ಬಂದು ಮಾಯವಾಗುತ್ತದೆ, ಕಣ್ಣು ಮಿಟುಕಿಸಬೇಡಿ.

ಉತ್ತರ 2: ಬಿಳಿ ಗಂಜಿಯಂಥದ್ದು ಬಂದು ಸೋಸುವ ಕಾಗದ ಕಟ್ಟಿಕೊಂಡಿತಾ? ಅದು ಬೆಸುಗೆಯ ತವರ. ನೈಟ್ರಿಕ್‌ಗೆ ತವರ ಸಿಕ್ಕರೆ ಇದೇ ಗೋಳು. ನಾನು ಈಗ ಅಕ್ವಾ ರೀಜಿಯಾವನ್ನು ಕೊನೆಗೆ ಮಾತ್ರ ಮುಟ್ಟುವುದು. ಮೆಮೊರಿ ಕಾರ್ಡಿನ ಹೊಳೆಯುವ ಅಂಚನ್ನಷ್ಟೇ ಕತ್ತರಿಸಿ ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಹಾಕುತ್ತೇನೆ, ಜೊತೆಗೆ ಸ್ವಲ್ಪವೇ ಸ್ವಲ್ಪ ಹೈಡ್ರೋಜನ್ ಪೆರಾಕ್ಸೈಡ್. ಆಮೇಲೆ ಅಲ್ಲೇ ಹುಟ್ಟಿದ ತಾಮ್ರದ ಕ್ಲೋರೈಡೇ ಉಳಿದ ತಾಮ್ರವನ್ನು ತಿನ್ನುತ್ತಾ ಹೋಗುತ್ತದೆ, ಗಾಳಿ ಆಡಿದರೆ ಸಾಕು. ವಾರ ಹಿಡಿಯುತ್ತದೆ. ಕೊನೆಗೆ ಚಿನ್ನದ ಹಾಳೆಗಳು ತಾವೇ ಬಿಟ್ಟುಕೊಂಡು ತೇಲುತ್ತವೆ. ಪೆರಾಕ್ಸೈಡ್ ಸುರಿದು ಅವಸರ ಮಾಡಿದರೆ ಚಿನ್ನವೂ ಕರಗಲು ಶುರು.

ಉತ್ತರ 3: ಎಲ್ಲರೂ ಚಿನ್ನದ್ದೇ ಮಾತಾಡುತ್ತಿದ್ದೀರಿ. ಅಕ್ವಾ ರೀಜಿಯಾದಲ್ಲಿ ಲೋಹ ಕರಗುವಾಗ ಏಳುವ ಕಂದು ಹೊಗೆ ನೈಟ್ರೋಜನ್ ಡೈಆಕ್ಸೈಡ್. ಉಸಿರಾಡಿದಾಗ ಸುಮ್ನೆ ಕೆಮ್ಮು ಅನಿಸುತ್ತದೆ, ಎಷ್ಟೋ ಗಂಟೆ ಕಳೆದ ಮೇಲೆ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳಬಹುದು. ಧೂಳಿನ ಮಾಸ್ಕ್ ಇದನ್ನು ತಡೆಯುವುದಿಲ್ಲ. ಫ್ಯೂಮ್ ಹುಡ್ (ಹೊಗೆ ಹೊರಗೆ ಎಳೆಯುವ ಪ್ರಯೋಗಾಲಯದ ಗೂಡು) ಇಲ್ಲದವರು ಈ ಕೆಲಸಕ್ಕೆ ಇಳಿಯದಿರುವುದೇ ಒಳ್ಳೆಯದು. ಚಿನ್ನದ ದ್ರಾವಣಕ್ಕೆ ಅಮೋನಿಯಾ ಮಾತ್ರ ಹಾಕಲೇಬೇಡಿ, ಒಣಗಿದರೆ ಸಿಡಿಯುವ ವಸ್ತು ಹುಟ್ಟುತ್ತದೆ. ಉಳಿದ ನೀರನ್ನು ಚರಂಡಿಗೆ ಬಿಡಬೇಡಿ. ಕಬ್ಬಿಣದ ಚೂರು ಹಾಕಿಟ್ಟರೆ ತಾಮ್ರ ಅದರ ಮೇಲೆ ಕೂರುತ್ತದೆ. ಆಮೇಲೆ ಸುಣ್ಣ ಹಾಕಿ ಪಿಎಚ್ 9ರ ಆಸುಪಾಸಿಗೆ ತಂದರೆ ಉಳಿದ ಲೋಹಗಳಲ್ಲಿ ಬಹುಪಾಲು ಕೆಸರಾಗಿ ಇಳಿಯುತ್ತವೆ. ಹಳೆಯ ಬೆಸುಗೆಯ ಸೀಸವೂ ಅದರಲ್ಲಿರುತ್ತದೆ. ಆ ಕೆಸರು, ನೀರು ಎರಡೂ ಪರವಾನಗಿ ಇರುವ ಅಪಾಯಕಾರಿ ತ್ಯಾಜ್ಯದವರಿಗೆ ಹೋಗಬೇಕು.

ಪ್ರಶ್ನೆ ಕೇಳಿದವರು: ಸ್ಟಾನಸ್ ಹನಿ ಹಾಕಿದೆ, ಬಣ್ಣ ಬರಲಿಲ್ಲ. ಆದರೆ ತಳದಲ್ಲಿ ಉಳಿದ ತಾಮ್ರದ ಚೂರುಗಳಿಗೆ ಕಂದು ಪುಡಿ ಅಂಟಿಕೊಂಡಿದೆ. ನಾನು ಅದನ್ನು ಕೊಳೆ ಅಂದುಕೊಂಡು ಉಜ್ಜಿ ತೊಳೆಯುವುದರಲ್ಲಿದ್ದೆ!